ಮೈಸೂರಿಗೆ ಹೋಗದ ತಂಗಿ

ನನ್ನ ತಂಗಿ ಕುಸುಮಳ ಹೊಟ್ಟೆಯ ಮೇಲೆ, ಹೊಕ್ಕುಳಿನ ಬಲಗಡೆ, ಒಂದು ಚೀಲ ಅಂಟಿಕೊಂಡಿದೆ. ಅವಳ ಮಲ ಅದರೊಳಗೆ ಬೀಳುತ್ತದೆ. ಬದುಕಿರುವವರೆಗೂ ಆ ಚೀಲ ಅಲ್ಲಿಯೇ ಇರುತ್ತದೆ.

ಇಷ್ಟು ಮಾತನ್ನು ನಾಲ್ಕು ಜನರ ಎದುರು ಹೇಳಲು ನನ್ನಿಂದ ಆಗಲಿಲ್ಲ. ಅದರಿಂದ ಅವಳು ಸಾಯುವ ಹಾಗಾಯಿತು. ಈಗ ಹೇಳುತ್ತೇನೆ, ಬರೆಯುತ್ತಲೂ ಇದ್ದೇನೆ. ಓದಿದ್ದು ಏಳನೇ ಕ್ಲಾಸು. ಒತ್ತಕ್ಷರಗಳನ್ನು ಕುಸುಮಳೇ ತಿದ್ದಿದ್ದಾಳೆ. ಒಂದೆರಡು ಕಡೆ, "ಅಕ್ಕ, ಇದನ್ನ ತೆಗೆದುಬಿಡೆ. ನೀನು ಇಷ್ಟು ಕೆಟ್ಟವಳಾಗಿರ್ಲಿಲ್ಲ" ಎಂದಳು. "ಇದ್ದೆ. ಇರಲಿ ಬಿಡು" ಎಂದೆ.

ನಾವಿದ್ದದ್ದು ತ್ಯಾಗರಾಜನಗರದ ಒಂದು ವಠಾರದಲ್ಲಿ. ಅಮ್ಮ, ನಾನು, ನಮ್ಮ ಯಜಮಾನರು, ಕುಸುಮ. ಅಪ್ಪ ತೀರಿಕೊಂಡ ವರ್ಷವೇ ನಾನು ಶಾಲೆ ಬಿಟ್ಟು ಹೊಲಿಗೆ ಮಿಷನ್ ಮುಂದೆ ಕೂತೆ. ಬಸವನಗುಡಿ, ಜಯನಗರದ ಹೆಂಗಸರ ರವಿಕೆ ಹೊಲಿದು ತಂಗಿಯನ್ನು ಬಿ.ಕಾಂ. ಓದಿಸಿದೆ. ಅವಳು ಬಿ.ಟಿ.ಎಂ. ಲೇಔಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಾಗ ವಠಾರಕ್ಕೆಲ್ಲ ಮೈಸೂರುಪಾಕು ಹಂಚಿದ್ದೂ ನಾನೇ. ಇವಳನ್ನು ನಿಲ್ಲಿಸಿದವಳು ನಾನು ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯೊಳಗೆ, ಇವಳು ನಾನು ಹೇಳಿದ ಹಾಗೆ ಕೇಳಬೇಕು ಎಂಬ ಯಜಮಾನಿಕೆಯೂ ಸೇರಿಕೊಂಡಿತ್ತು. ಅದು ಆಗ ನನಗೆ ಕಾಣಲಿಲ್ಲ.

ಕಾಯಿಲೆ ಶುರುವಾದದ್ದು ಹೊಟ್ಟೆನೋವಿನಿಂದ. ಆಮೇಲೆ ಭೇದಿ, ಭೇದಿಯಲ್ಲಿ ರಕ್ತ. ಅವಳು ನಮಗೆ ಹೇಳಲಿಲ್ಲ. ಬಸ್ಸಿನಲ್ಲಿ ಬಿ.ಟಿ.ಎಂ.ಗೆ ಹೋಗುವ ದಾರಿಯಲ್ಲಿ ಯಾವ ಹೋಟೆಲಿನವರು ಒಳಗೆ ಬಿಡುತ್ತಾರೆ, ಯಾವ ಪೆಟ್ರೋಲ್ ಬಂಕಿನ ಕಕ್ಕಸಿಗೆ ಬೀಗ ಇರುವುದಿಲ್ಲ ಎಂದು ಅವಳಿಗೆ ಬಾಯಿಪಾಠವಾಗಿತ್ತಂತೆ. ಊಟ ಕಡಿಮೆ ಮಾಡಿದಳು. ರವಿಕೆಯ ಅಳತೆ ತೆಗೆಯುವಾಗ ನನ್ನ ಕೈಗೇ ಮೊದಲು ಗೊತ್ತಾಯಿತು. ಪ್ರತಿ ಸಲವೂ ಹೊಲಿಗೆಯನ್ನು ಒಳಗೆ ತೆಗೆದುಕೊಳ್ಳಬೇಕಾಗಿತ್ತು. "ಡಯೆಟ್ಟೇನೇ?" ಎಂದು ಕೇಳಿ ಸುಮ್ಮನಾದೆ.

ಕೊನೆಗೆ ಮುಚ್ಚಿಡಲಾಗದೆ ಅವಳು ಹೇಳಿದಳು, ಆಸ್ಪತ್ರೆಗೆ ಹೋದೆವು. ಕಾಯುವ ಜಾಗದಲ್ಲಿ ಕುರ್ಚಿಗಳನ್ನೆಲ್ಲ ಒಂದೇ ಕಂಬಿಗೆ ಜೋಡಿಸಿದ್ದರು. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲಿನಲ್ಲಿದ್ದವರೆಲ್ಲ ಅಲ್ಲಾಡುತ್ತಿದ್ದರು. ಅಲ್ಲಿ ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಮಂಡಿನೋವಿನವರು ಗಟ್ಟಿಯಾಗಿ ಮಾತಾಡುತ್ತಾರೆ, ಸಕ್ಕರೆ ಕಾಯಿಲೆಯವರು ಪಥ್ಯ ಹಂಚಿಕೊಳ್ಳುತ್ತಾರೆ. ಕರುಳಿನವರು ಮಾತ್ರ ಗೋಡೆ ನೋಡುತ್ತಾ ಕೂರುತ್ತಾರೆ. ಅಮ್ಮ ಪಕ್ಕದವಳನ್ನು "ನಿಮಗೇನಮ್ಮ?" ಎಂದು ಕೇಳಿದಾಗ ಆಕೆ, "ಗ್ಯಾಸ್ಟ್ರಿಕ್ಕು" ಎಂದಳು. "ನಮ್ಮ ಹುಡುಗಿಗೂ ಅದೇ" ಎಂದಳು ಅಮ್ಮ. ಇಬ್ಬರಿಗೂ ಸಮಾಧಾನವಾಯಿತು.

ದೊಡ್ಡ ಕರುಳೆಲ್ಲ ಹುಣ್ಣಾಗಿದೆ ಎಂದರು. ಬಹಳ ಕಾಲ ಮಾತ್ರೆಗಳಾದವು, ಇಂಜೆಕ್ಷನ್ನುಗಳಾದವು, ಮುಖ ಊದಿತು, ಮತ್ತೆ ಇಳಿಯಿತು. ಕೊನೆಗೆ ಒಂದು ದಿನ ಡಾಕ್ಟರು, ದೊಡ್ಡ ಕರುಳನ್ನು ಪೂರ್ತಿ ತೆಗೆಯದಿದ್ದರೆ ಹುಡುಗಿ ಉಳಿಯುವುದಿಲ್ಲ, ತೆಗೆದು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಕೂರಿಸುತ್ತೇವೆ, ಅಲ್ಲಿಗೆ ಚೀಲ ಅಂಟಿಸಬೇಕು ಎಂದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕುಸುಮ ಕೇಳಿದ್ದು ಒಂದೇ ಪ್ರಶ್ನೆ. "ಬಸ್ಸಲ್ಲಿ ಹೋಗ್ಬಹುದಾ ಸಾರ್?"

"ಎಲ್ಲಿಗೆ ಬೇಕಾದ್ರೂ ಹೋಗಮ್ಮ. ನೀರು ಮಾತ್ರ ಬಿಡಬೇಡ. ದೊಡ್ಡ ಕರುಳಿಲ್ದೆ ಇರೋರ ಮೈಯಲ್ಲಿ ನೀರು, ಉಪ್ಪು ನಿಲ್ಲಲ್ಲ. ಕುಡೀತಾನೇ ಇರಬೇಕು."

ಈ ಮಾತು ಹೇಳುವಾಗ ಡಾಕ್ಟರು ಅವಳನ್ನು ನೋಡಿ, ಆಮೇಲೆ ನನ್ನನ್ನೂ ನೋಡಿದರು. ನಾನು ತಲೆ ಆಡಿಸಿದೆ. ಕೇಳಿಸಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಎಷ್ಟೋ ಕಾಲದ ನೋವು ಹೋಯಿತು. ಅವಳು ರಾತ್ರಿಯಿಡೀ ನಿದ್ದೆ ಮಾಡಿದಳು, ಕೆನ್ನೆ ತುಂಬಿಕೊಂಡಿತು. ಸಂತೋಷಪಡಬೇಕಿತ್ತು. ಆದರೆ ಮನೆಗೆ ಬಂದ ಮೇಲೆ ನಾನು ಶುರುಮಾಡಿದೆ.

ವಠಾರದಲ್ಲಿ ಮೂರು ಮನೆಗೆ ಒಂದೇ ಕಕ್ಕಸು, ಹಿಂದಿನ ಅಂಗಳದಲ್ಲಿ. ಚೀಲ ಖಾಲಿ ಮಾಡಿ ತೊಳೆದುಕೊಳ್ಳಲು ಅವಳಿಗೆ ಹೊತ್ತು ಬೇಕಾಗುತ್ತಿತ್ತು. ಪಕ್ಕದ ಮನೆಯ ನಾಗರತ್ನಮ್ಮ ಬಾಗಿಲು ಬಡಿದು, "ಯಾರಮ್ಮ ಒಳಗೆ, ಸಂಸಾರ ಹೂಡಿದ್ದೀರಾ?" ಎನ್ನುತ್ತಿದ್ದರು. ನಾನು ಓಡಿಹೋಗಿ, "ಕುಸುಮಂಗೆ ಪಿತ್ತ ಜಾಸ್ತಿಯಾಗಿದೆ ಆಂಟಿ" ಎನ್ನುತ್ತಿದ್ದೆ. ಯಾರಿಗೂ ಗೊತ್ತಾಗಬಾರದು ಎಂದು ಅಮ್ಮನಿಗೂ ಯಜಮಾನರಿಗೂ ಆಣೆ ಹಾಕಿಸಿದ್ದೆ. ರವಿಕೆ ಕೊಡಲು ಬರುವವರು ವಾಸನೆಯ ಮಾತಾಡಿದರೆ ಎಂಬ ಭಯ. ಅವಳು ಅಂಗಳದಿಂದ ಒಳಗೆ ಬಂದಾಗಲೆಲ್ಲ ನಾನೊಂದು ಊದಿನಕಡ್ಡಿ ಹಚ್ಚುತ್ತಿದ್ದೆ. ಅವಳ ತಟ್ಟೆ ಲೋಟ ಬೇರೆಯಾಯಿತು. ದೇವರ ಗೂಡಿನ ಕಡೆ ಹೋಗುವುದು ಬೇಡ ಎಂದೆ. ಸೀರೆ ಉಟ್ಟರೆ ಲಂಗದ ಲಾಡಿ ಚೀಲದ ಮೇಲೆಯೇ ಬರುತ್ತಿತ್ತು. ಹಾಗಾಗಿ ನೈಟಿಯಲ್ಲೇ ಉಳಿದಳು. ಆಫೀಸಿಗೆ ಹೋಗುವ ಮಾತು ಎತ್ತಿದಾಗ, "ಇನ್ನೂ ಸ್ವಲ್ಪ ದಿನ ತಡಿ" ಎಂದೆ. ಎಲ್ಲವನ್ನೂ ಅವಳ ಒಳ್ಳೆಯದಕ್ಕೆ ಎಂದೇ ಹೇಳುತ್ತಿದ್ದೆ.

ಅವಳು ಮನೆ ಬಿಟ್ಟು ಹೋಗುತ್ತಿದ್ದದ್ದು ಒಂದೇ ಕಡೆಗೆ, ಬೀದಿಯ ಮೂಲೆಯ ಬ್ರೌಸಿಂಗ್ ಸೆಂಟರಿಗೆ. ಎರಡು ಸಾವಿರದ ಇಸವಿ ಕಳೆದು ನಾಲ್ಕಾರು ವರ್ಷ ಆಗಿದ್ದ ಕಾಲ. ನಮ್ಮಂಥವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಲಗೆ ಅಡ್ಡಕಟ್ಟಿದ ಗೂಡುಗಳಲ್ಲಿ ಹುಡುಗ ಹುಡುಗಿಯರು ಕೂತಿರುತ್ತಿದ್ದರು. ಒಂದು ದಿನ ನಾನು ಹಿಂದೆಯೇ ಹೋದೆ. ಯಾವನಾದರೂ ಗಂಟುಬಿದ್ದಿದ್ದಾನೋ ಎಂದು ಅನುಮಾನ.

"ಬಾ, ನೀನೂ ನೋಡು" ಎಂದು ಜಾಗ ಬಿಟ್ಟಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರ. ಹೊಟ್ಟೆಯ ಮೇಲೆ ಚೀಲ ಇರುವವರದೇ ಒಂದು ಗುಂಪಂತೆ. ಕೆನಡಾದ ಒಬ್ಬ ಅಜ್ಜಿ, ನಾಗಪುರದ ಒಬ್ಬ ಮೇಷ್ಟ್ರು, ಇನ್ನೂ ಎಲ್ಲೆಲ್ಲಿಯವರೋ. ಒಬ್ಬರು ಚರ್ಮ ಉರಿಯುತ್ತದೆ ಎಂದು ಬರೆದರೆ ಹತ್ತು ಜನ ಉತ್ತರ ಬರೆಯುತ್ತಾರಂತೆ. ಹೊಟ್ಟೆಯ ಮೇಲೆ ಕೆಂಪು ಮೊಗ್ಗಿನಂತೆ ಕಾಣುವ ಆ ಕರುಳಿನ ತುದಿಗೆ ಒಬ್ಬೊಬ್ಬರೂ ಒಂದೊಂದು ಹೆಸರು ಇಟ್ಟುಕೊಳ್ಳುತ್ತಾರಂತೆ.

"ನಂದರ ಹೆಸರು ಕೆಂಪಿ" ಎಂದು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳ ನಗು ನೋಡಿದ್ದೆ. ನಾನು ಏನು ಹೇಳಬೇಕಿತ್ತು, ಏನು ಹೇಳಿದೆ!

"ಮುಖ ಕಾಣದೇ ಇರೋ ಜನದ ಹತ್ರ ಹೊಟ್ಟೆ ಒಳಗಿಂದೆಲ್ಲ ಹೇಳ್ಕೋತೀಯ. ಮನೇಲಿ ನಾವಿಲ್ವಾ?"

"ನಿಂಗೆ ಹೇಳಿದ್ರೆ ನೀನು ಊದಿನಕಡ್ಡಿ ಹಚ್ತೀಯ ಅಕ್ಕ."

ಆಮೇಲೊಮ್ಮೆ ಮನೆಗೆ ಕೊರಿಯರಿನಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಹೊಸ ಚೀಲಗಳು. ಗುಂಪಿನ ಮುನಿಯಪ್ಪ ಎಂಬುವರು, ಅಂಗಡಿಯಲ್ಲಿ ಸ್ಟಾಕ್ ಇಲ್ಲ ಎಂದು ಇವಳು ಬರೆದದ್ದನ್ನು ಓದಿ, ತಮ್ಮಲ್ಲಿ ಮಿಕ್ಕಿದ್ದನ್ನು ಕಳಿಸಿದ್ದರು. ಅದಕ್ಕಾಗಿ ಇವಳು ಮನೆಯ ವಿಳಾಸ, ಫೋನ್ ನಂಬರ್ ಕೊಟ್ಟಿದ್ದಳು. ಗೊತ್ತಿಲ್ಲದ ಗಂಡಸಿಗೆ ವಿಳಾಸ ಕೊಟ್ಟಳೆಂದು ನಾನು ಕೂಗಾಡಿದೆ. ಆ ವಿಳಾಸವೇ ಅವಳನ್ನು ಉಳಿಸುತ್ತದೆ ಎಂದು ನನಗೇನು ಗೊತ್ತು?

ವರಮಹಾಲಕ್ಷ್ಮಿ ಹಬ್ಬ ಬಂತು. ನಮ್ಮ ಮನೆಯ ಕಳಶಕ್ಕೆ ಆ ಬೀದಿಯಲ್ಲೇ ಹೆಸರು. ಸೀರೆಯನ್ನು ನಿರಿಗೆ ಹಿಡಿದು ಲಕ್ಷ್ಮಿಗೆ ಉಡಿಸುವುದರಲ್ಲಿ ನನ್ನನ್ನು ಬಿಟ್ಟರಿಲ್ಲ. ಸಂಜೆ ಅರಿಶಿನ ಕುಂಕುಮಕ್ಕೆ ಹೆಂಗಸರ ಸಾಲು. ಹಿಂದಿನ ದಿನ ಕುಸುಮಳನ್ನು ಹಿಂದಿನ ಕೋಣೆಗೆ ಕರೆದು ಹೇಳಿದೆ. "ನಾಳೆ ಏನೂ ಬಾಯಿಗೆ ಹಾಕ್ಬೇಡ ಕಣೆ. ಚೀಲ ಖಾಲಿ ಇದ್ರೆ ಸದ್ದಿಲ್ಲ, ವಾಸನೆ ಇಲ್ಲ. ಈ ರೂಮಲ್ಲೇ ಇರು, ಹಿಂದೆ ಅಂಗಳಕ್ಕೂ ಹೋಗ್ಬೇಡ. ಮೈಸೂರಿಗೆ ಹೋಗಿದಾಳೆ ಅಂತ ಹೇಳ್ತೀನಿ."

"ನೀರು ಬಿಡಬಾರ್ದು ಅಂದಿದ್ರಲ್ಲ ಅಕ್ಕ."

"ಒಂದಿನಕ್ಕೆ ಏನಾಗತ್ತೆ? ವ್ರತದ ದಿನ ನಾವೆಲ್ಲ ಉಪವಾಸ ಇರಲ್ವಾ? ಏಕಾದಶಿ ದಿನ ಅಮ್ಮ ಒಂದು ಹನಿ ನೀರು ಮುಟ್ಟಲ್ಲ. ಅವಳಿಗೇನಾಗಿದೆ?"

ಇದು ನನ್ನ ತಪ್ಪು. ನಮ್ಮ ಮನೆಯಲ್ಲಿ ಉಪವಾಸ ಎಂದರೆ ಒಳ್ಳೆಯದು. ಉಪವಾಸದಿಂದ ಒಬ್ಬರು ಸಾಯಬಹುದು ಎಂದು ನಮ್ಮ ಪೈಕಿ ಯಾರಿಗೂ ಹೊಳೆಯುವುದಿಲ್ಲ. ಕುಸುಮ ನನ್ನ ಮುಖವನ್ನೇ ನೋಡಿದಳು. ಓದಿಸಿದ ಅಕ್ಕ. "ಆಯ್ತು" ಎಂದಳು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದಳು. ಆ ಗಳಿಗೆಯಿಂದಲೇ ಊಟ, ನೀರು ನಿಲ್ಲಿಸಿದಳು. ಸಂಜೆ ಬ್ರೌಸಿಂಗ್ ಸೆಂಟರಿಗೆ ಹೋಗಿ ಬಂದಳು.

ಹಬ್ಬದ ದಿನ ಬೆಳಿಗ್ಗೆಯಿಂದ ನಾನು ಕಳಶದ ಮುಂದೆ. ಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ನಾನೇ ಹೊಲಿದ ಒಂದು ಪರದೆ. ಮಧ್ಯಾಹ್ನ ಒಮ್ಮೆ ಸರಿಸಿ ನೋಡಿದೆ. ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಎಂದುಕೊಂಡೆ.

ಸಂಜೆ ನಡುಮನೆ ತುಂಬ ರೇಷ್ಮೆ ಸೀರೆ, ಮಲ್ಲಿಗೆ. "ಕುಸುಮ ಎಲ್ಲಿ?" ಎಂದು ಕೇಳದವರಿಲ್ಲ. "ಮೈಸೂರಿಗೆ ಹೋಗಿದಾಳೆ, ಫ್ರೆಂಡ್ ಮದುವೆ" ಎಂದೆ. "ಹಬ್ಬದ ದಿನ ಮದುವೆನಾ?" ಎಂದರು ನಾಗರತ್ನಮ್ಮ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಫೋನ್ ಇದ್ದದ್ದು ಕಳಶದ ಪಕ್ಕದ ಸ್ಟೂಲಿನ ಮೇಲೆ.

"ಕುಸುಮಮ್ಮ ಇದಾರಾ?" ಗಡಸು ಗಂಡು ದನಿ.

"ಇಲ್ಲ, ಮೈಸೂರಿಗೆ ಹೋಗಿದಾಳೆ."

"ಯಾವಾಗ?"

"ನಿನ್ನೆ ಮಧ್ಯಾಹ್ನ."

"ನಿನ್ನೆ ಸಂಜೆ ನಮ್ ಗುಂಪಿಗೆ ಬರ್ದವ್ಳೆ ಕಣಮ್ಮ. ನಾಳೆ ಮನೇಲಿ ಹಬ್ಬ, ನೀರೂ ಕುಡ್ಯಂಗಿಲ್ಲ, ರೂಮಲ್ಲೇ ಇರ್ತೀನಿ ಅಂತ. ನಾನದನ್ನ ಈಗ ತಾನೇ ಓದ್ದೆ. ನಾನು ಜರಗನಹಳ್ಳಿ ಮುನಿಯಪ್ಪ. ಪೊಲೀಸ್ ಇಲಾಖೇಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದೋನು. ಸುಳ್ಳು ಹೇಳೋರ ಉಸ್ರು ನಂಗೆ ಫೋನಲ್ಲೇ ಗೊತ್ತಾಯ್ತದೆ. ಹೋಗಿ ಮಗೂನ ಎಬ್ಸಮ್ಮ. ಕಾಲು ಸೆಳೀತೈತಾ, ನಾಲ್ಗೆ ಒಣಗೈತಾ ಕೇಳು. ನಂಗೂ ಹೊಟ್ಟೆ ಮೇಲೆ ಚೀಲ ಐತೆ ಕಣಮ್ಮ, ಗೊತ್ತಿದ್ದೇ ಹೇಳ್ತಿರೋದು."

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು, "ರಾಂಗ್ ನಂಬರ್" ಎಂದು ಫೋನ್ ಇಟ್ಟೆ.

"ಅದೇನೇ ಲಲಿತ, ರಾಂಗ್ ನಂಬರ್ ಹತ್ರ ಮೈಸೂರು ಸಮಾಚಾರ ಎಲ್ಲ ಹೇಳ್ತೀಯ?" ಎಂದು ನಾಗರತ್ನಮ್ಮ ನಕ್ಕರು. ನಾನೂ ನಕ್ಕೆ. ನಕ್ಕು, ಅವರ ಕೈಗೆ ಅರಿಶಿನ ಕುಂಕುಮ ಕೊಟ್ಟು, ಬಾಗಿನದ ತಟ್ಟೆ ಹಿಡಿದು ಮುಂದಿನವರ ಹತ್ತಿರ ಹೋದೆ. ಪರದೆ ಸರಿಸಿ ನೋಡಲಿಲ್ಲ. ನೋಡಿದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಉಪವಾಸ ಮಾಡಿಸಿದ್ದು ತಿಳಿಯದೆ ಮಾಡಿದ ತಪ್ಪು ಎನ್ನಬಹುದು. ಇದು ತಿಳಿದೂ ಮಾಡಿದ್ದು. ತಂಗಿ ಒಳಗೆ ಹೇಗಿರಬಹುದು ಎಂದು ಗೊತ್ತಾದ ಮೇಲೂ ನಾನು ತಾಂಬೂಲ ಹಂಚಿದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ದೊಡ್ಡ ಮೀಸೆಯ, ಎತ್ತರದ ಒಬ್ಬ ಹಿರಿಯರು. ಜೊತೆಗೆ ಅವರ ಸೊಸೆ, ಕೈಯಲ್ಲಿ ಸ್ಟೀಲ್ ಫ್ಲಾಸ್ಕ್. ಅವರು ಚಪ್ಪಲಿ ಹೊರಗೆ ಬಿಟ್ಟು, ಲಕ್ಷ್ಮಿಗೆ ಕೈಮುಗಿದು, ಹೊಸಿಲ ಆಚೆಯೇ ನಿಂತರು.

"ಹಬ್ಬದ ಮನೆ, ತಪ್ಪು ತಿಳ್ಕೋಬ್ಯಾಡಿ ತಾಯಂದ್ರಾ. ಮಗು ಎಲ್ಲೈತೆ?"

ಅಮ್ಮ ಮಡಿಸೀರೆಯಲ್ಲಿ ಕಳಶದ ಪಕ್ಕ ಕೂತಿದ್ದಳು. ಯಾರನ್ನೂ ಮುಟ್ಟದ ಹೊತ್ತು. ಅವಳು ಎದ್ದಳು. "ಒಳಗಿದಾಳಪ್ಪ, ಬಾ" ಎಂದಳು. ಪರದೆಯನ್ನು ಎಳೆದ ರಭಸಕ್ಕೆ ಅದು ಕಂಬಿಯ ಸಮೇತ ಕೆಳಗೆ ಬಂತು. ಎಲ್ಲರಿಗೂ ಎಲ್ಲವೂ ಕಂಡಿತು. ಚಾಪೆಯ ಮೇಲೆ ಕುಸುಮಳ ಕಣ್ಣು ಗುಳಿ ಬಿದ್ದಿತ್ತು, ತುಟಿ ಬಿರಿದಿತ್ತು. ಕಾಲಿನ ಮೀನಖಂಡ ಗಂಟು ಕಟ್ಟಿ ನಡುಗುತ್ತಿತ್ತು. ಅಮ್ಮ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಮಡಿ ಹೋಯಿತು. ಸೊಸೆ ಚಮಚದಲ್ಲಿ ಉಪ್ಪು ಬೆರೆಸಿದ ಗಂಜಿ ತಿಳಿಯನ್ನು ತುಟಿಗೆ ಹಚ್ಚಿದಳು. ಅವಳಿಗೆ ನುಂಗಲಾಗಲಿಲ್ಲ.

"ಆಟೋ ನಿಲ್ಸಿದೀನಿ. ಎತ್ರಮ್ಮ" ಎಂದರು ಮುನಿಯಪ್ಪನವರು.

ಕಾಲಿನ ಕಡೆ ಹಿಡಿದದ್ದು ನಾನು. ತಲೆಯ ಕಡೆ ಯಾರು ಎಂದು ನೋಡಿದರೆ ನಾಗರತ್ನಮ್ಮ.

ತುರ್ತು ಚಿಕಿತ್ಸೆಯಲ್ಲಿ ಬಾಟಲಿ ಏರಿಸಲು ನರ ಸಿಗಲಿಲ್ಲ. ಮೈ ಅಷ್ಟು ಒಣಗಿತ್ತು. ಕೊನೆಗೆ ಸಿಕ್ಕಿತು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು, "ಇವ್ರಿಗೆ ಉಪವಾಸ ಮಾಡ್ಸಿದ್ದು ಯಾರು?" ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡದೆ ನೆಲ ನೋಡಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು.

"ನಾನು" ಎಂದೆ.

"ಇನ್ನೂ ಸ್ವಲ್ಪ ತಡ ಆಗಿದ್ರೆ ಕಿಡ್ನಿ ಹೋಗಿರೋದು. ಈಗ್ಲೂ ನಾಳೆವರೆಗೆ ಏನೂ ಹೇಳಕ್ಕಾಗಲ್ಲ."

ಮತ್ತೆ ಅದೇ ಕಂಬಿಯ ಕುರ್ಚಿಗಳು. ನಾನು ಹಬ್ಬದ ಸೀರೆಯಲ್ಲಿ ಕೂತಿದ್ದೆ, ಮಡಿಲಲ್ಲಿ ಇನ್ನೂ ಯಾರಿಗೋ ಕೊಡಬೇಕಾಗಿದ್ದ ವೀಳ್ಯದೆಲೆ. ಒಂದು ಕುರ್ಚಿ ಬಿಟ್ಟು ಮುನಿಯಪ್ಪನವರು. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಇದ್ದಕ್ಕಿದ್ದಂತೆ ಅವರ ಷರಟಿನೊಳಗಿಂದ ಗುರ್ರ್ ಎಂದು ದೊಡ್ಡ ಸದ್ದು ಬಂತು. ಎದುರಿನ ಸಾಲಿನವರೆಲ್ಲ ತಿರುಗಿ ನೋಡಿದರು. ಅವರು ಹೊಟ್ಟೆಯ ಕಡೆ ಬಗ್ಗಿ, "ಸುಮ್ಕಿರಯ್ಯ ಇನ್‌ಸ್ಪೆಕ್ಟ್ರೇ, ಹೆಣ್ಮಕ್ಕಳವ್ರೆ" ಎಂದರು.

ನನಗೆ ಅರ್ಥವಾಗಲಿಲ್ಲ.

"ಸರ್ವೀಸೆಲ್ಲ ಇನ್‌ಸ್ಪೆಕ್ಟರುಗಳ ಕೈಲಿ ಬೈಸ್ಕೊಂಡೆ ಕಣಮ್ಮ. ಹೊತ್ತಿಲ್ಲ ಗೊತ್ತಿಲ್ಲ, ಕೂಗೋರು. ರಿಟೈರಾದೆ, ಮುಗೀತು ಅಂದ್ಕಂಡೆ. ಕ್ಯಾನ್ಸರ್ ಬಂತು, ಆಪ್ರೇಷನ್ ಆಯ್ತು, ನೋಡ್ತೀನಿ, ಇವ್ನು ಬಂದು ಹೊಟ್ಟೆ ಮೇಲೇ ಕೂತವ್ನೆ! ಅದ್ಕೇ ಆ ಹೆಸ್ರು."

ನಕ್ಕೆ. ನಗು ಎಲ್ಲಿ ನಿಂತು ಅಳು ಎಲ್ಲಿ ಶುರುವಾಯಿತೋ ಗೊತ್ತಿಲ್ಲ. ಅವರು ಆಮೇಲೆ ಹೇಳಿದರು. ಚೀಲ ಬಂದ ಮೊದಲ ವರ್ಷ ಅವರು ಹೊಲದ ಕಡೆಯ ಪಂಪ್‌ಸೆಟ್ ಮನೆಯಲ್ಲಿ ಒಬ್ಬರೇ ಇದ್ದರಂತೆ, ಯಾರೂ ಕಳಿಸದೇ ಇದ್ದರೂ. ಜರಗನಹಳ್ಳಿಯ ತಮ್ಮ ಕಟ್ಟಡದ ಒಂದು ಅಂಗಡಿಯನ್ನು ಬ್ರೌಸಿಂಗ್ ಸೆಂಟರಿನವನಿಗೆ ಬಾಡಿಗೆ ಕೊಟ್ಟಿದ್ದರು. ಸೊಸೆಯೇ ಅಲ್ಲಿ ಹುಡುಕಿ ಗುಂಪಿಗೆ ಸೇರಿಸಿದಳಂತೆ. "ನಂಗೆ ಇಂಗ್ಲಿಷ್ ಎಲ್ ಬತ್ತದೆ? ಕನ್ನಡಾನೇ ಎಬಿಸಿಡೀಲಿ ಬರೀತೀನಿ. ಅದನ್ನ ಓದಿ ಕನ್ನಡದಲ್ಲಿ ಉತ್ರ ಬರ್ದ ಮೊದಲ್ನೇ ಮಗು ನಿನ್ ತಂಗಿ. ಮನೇಲಿ ಎಲ್ರೂ ಚೆನ್ನಾಗಿ ನೋಡ್ಕೋತಾರೆ ಅಂತ್ಲೇ ಬರೀತಿತ್ತು."

ಆ ಕೊನೆಯ ಮಾತು ನನ್ನನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ.

ಮರುದಿನ ಅವಳಿಗೆ ಮೂತ್ರ ಬಂತು. ನರ್ಸು ಬಂದು ಅದನ್ನು ಹೇಳಿದಾಗ ನಾವು ಮೂವರೂ, ಅಮ್ಮ, ನಾನು, ಮುನಿಯಪ್ಪನವರು, ಮಗು ಹುಟ್ಟಿತು ಎಂದು ಕೇಳಿದವರ ಹಾಗೆ ಎದ್ದು ನಿಂತೆವು. ನನ್ನನ್ನು ಒಳಗೆ ಬಿಟ್ಟರು. ಕುಸುಮ ಕಣ್ಣು ಬಿಟ್ಟು ನನ್ನನ್ನು ನೋಡಿದಳು.

"ಮೈಸೂರು ಹೇಗಿತ್ತು ಅಂತ ಕೇಳಲ್ವೇನೆ?" ಎಂದಳು.

ನಾನು ಅವಳ ಕಾಲು ಹಿಡಿದುಕೊಂಡೆ. ಅಕ್ಕ ತಂಗಿಯ ಕಾಲು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ. "ಏಯ್, ಬಿಡೇ, ಕಚಗುಳಿ" ಎಂದಳು. ಅವಳು ಕ್ಷಮಿಸಿದ್ದು ಅಷ್ಟೇ ಮಾತಿನಲ್ಲಿ. ನಾನು ನನ್ನನ್ನು ಕ್ಷಮಿಸಿಕೊಳ್ಳುವುದಕ್ಕೆ ಬೇರೆಯವರ ಸಹಾಯ ಬೇಕಾಯಿತು.

ಮನೆಗೆ ಬಂದು ಸುಧಾರಿಸಿಕೊಂಡ ಮೇಲೆ ಅವಳು ನನ್ನನ್ನು ಬ್ರೌಸಿಂಗ್ ಸೆಂಟರಿಗೆ ಕರೆದುಕೊಂಡು ಹೋದಳು. ಇಬ್ಬರೂ ಒಂದೇ ಸ್ಟೂಲಿನಲ್ಲಿ ಅರ್ಧರ್ಧ ಕೂತೆವು. ಆ ದಿನಗಳಲ್ಲಿ ಗುಂಪಿನ ತುಂಬ ಒಂದೇ ಮಾತು. ಕುಸುಮ ಎಲ್ಲಿ? ಕುಸುಮ ಹೇಗಿದ್ದಾಳೆ? ಕೆನಡಾದ ಅಜ್ಜಿ ದಿನಕ್ಕೊಮ್ಮೆ ಕೇಳಿದ್ದರು. ನಾಗಪುರದ ಮೇಷ್ಟ್ರು ಅವಳ ಹೆಸರಿನಲ್ಲಿ ದೀಪ ಹಚ್ಚಿದ್ದರಂತೆ. ಮುನಿಯಪ್ಪನವರು ಆಸ್ಪತ್ರೆಗೆ ಹೋಗಿ ಬಂದು, ತಮ್ಮ ಎಬಿಸಿಡಿ ಕನ್ನಡದಲ್ಲಿ ಸಮಾಚಾರ ಬರೆದಿದ್ದರು. ಸೊಸೆ ಕೆಳಗೆ ಇಂಗ್ಲಿಷಿನಲ್ಲಿ ಹಾಕಿದ್ದಳು. ಕುಸುಮ ಒಂದೊಂದನ್ನೂ ನನಗೆ ಕನ್ನಡದಲ್ಲಿ ಓದಿ ಹೇಳಿದಳು. ನಾನು ನಡುಮನೆಯಲ್ಲಿ ಹೇಳಲು ಹೆದರಿದ ಹೆಸರನ್ನು ಎಲ್ಲೆಲ್ಲಿಯೋ ಕೂತು ಇಷ್ಟು ಜನ ಕೂಗಿ ಕರೆದಿದ್ದರು.

"ನಾನು ಹೇಳ್ತೀನಿ, ನೀನು ಬರಿ" ಎಂದೆ.

"ಏನಂತ?"

"ನಡೆದದ್ದೆಲ್ಲ. ಫೋನ್ ಇಟ್ಟಿದ್ದೂ."

ಅವಳು ಬೇಡ ಎಂದಳು. ನಾನು ಬಿಡಲಿಲ್ಲ. ಅವಳು ಟೈಪು ಮಾಡುತ್ತಾ ಹೋದ ಹಾಗೆ ಪಕ್ಕದ ಗೂಡಿನ ಹುಡುಗಿ ಕಿವಿ ನಿಮಿರಿಸಿ ಕೇಳುತ್ತಿದ್ದಳು. ಕೇಳಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಉಗಿಯುತ್ತಾರೆ ಎಂದುಕೊಂಡಿದ್ದೆ. ಮಾರನೆಯ ದಿನ ಹೋಗಿ ನೋಡಿದರೆ ಉತ್ತರಗಳ ಸಾಲು. ಒಬ್ಬಳು ತಾಯಿ ಬರೆದಿದ್ದಳು, ಮಗನ ವಿಷಯ ತನ್ನ ತವರಿಗೇ ಇವತ್ತಿನವರೆಗೆ ಹೇಳಿಲ್ಲ, ನಿಮ್ಮದನ್ನು ಓದಿ ಈಗ ತಾನೇ ಫೋನ್ ಮಾಡಿದೆ ಎಂದು. ಇನ್ನೊಬ್ಬರು, ತನ್ನ ಅಣ್ಣ ಹೀಗೇ ಮಾಡಿದ್ದ, ಅವನು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ, ನೀವು ಅವನ ಪರವಾಗಿಯೂ ಹೇಳಿದ ಹಾಗಾಯಿತು ಎಂದು. ಕೆನಡಾದ ಅಜ್ಜಿ ಒಂದೇ ಸಾಲು ಬರೆದಿದ್ದರು. ಕುಸುಮ ಅದನ್ನು ಎರಡು ಸಲ ಓದಿದಳು. "ಅಕ್ಕ ಟೈಲರ್ ಅಂತೆ, ತಪ್ಪಾಗಿ ಹೊಲಿದಿದ್ದನ್ನ ಬಿಚ್ಚೋದು ಅವಳಿಗೆ ಗೊತ್ತಿರಬೇಕು ಅಂತ ಬರ್ದಿದಾರೆ ಕಣೆ."

ಬಿಚ್ಚಿದೆ. ಮೊದಲು ವಠಾರದ ಎಲ್ಲರ ಮನೆಗೂ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾಗರತ್ನಮ್ಮ, "ಮೊದಲೇ ಹೇಳಿದ್ರೆ ಬಾಗಿಲು ಬಡೀತಿದ್ನೇನೇ, ಹುಚ್ಚಿ?" ಎಂದು ಬೈದು, ಆಮೇಲಿಂದ ಕುಸುಮ ಒಳಗಿದ್ದಾಗ ಬೇರೆಯವರನ್ನು ತಾವೇ ಗದರಿಸತೊಡಗಿದರು. ಬೇರೆ ಇಟ್ಟಿದ್ದ ತಟ್ಟೆ ಲೋಟ ಮತ್ತೆ ಎಲ್ಲದರ ಜೊತೆ ಸೇರಿದವು.

ಆಮೇಲೆ ಮಿಷನ್ ಮುಂದೆ ಕೂತೆ. ಲಂಗದ ಲಾಡಿ ತಾನೇ ತೊಂದರೆ? ಲಾಡಿಯನ್ನೇ ತೆಗೆದೆ. ಅಗಲವಾದ ಮೆತ್ತನೆ ಪಟ್ಟಿಯನ್ನು ಚೀಲಕ್ಕಿಂತ ಮೇಲೆ ಬರುವಂತೆ ಎತ್ತಿ, ಎಡಗಡೆ ಕೊಕ್ಕೆ ಹಾಕಿದೆ. ಒಳಗೆ ಹತ್ತಿ ಬಟ್ಟೆಯ ಒಂದು ಜೇಬು. ಚೀಲದ ಭಾರ ಅದರಲ್ಲಿ ಕೂರುತ್ತದೆ, ಪ್ಲಾಸ್ಟಿಕ್ ಮೈಗೆ ತಾಗಿ ಬೆವರುವುದಿಲ್ಲ. ಮೊದಲನೆಯದು ಜಾರಿತು. ಎರಡನೆಯದು ಬಿಗಿಯಾಯಿತು. ಅಳತೆ ತೆಗೆಯುವಾಗ ಮೊದಲ ಸಲ ಆ ಕೆಂಪು ಮೊಗ್ಗನ್ನು ಹತ್ತಿರದಿಂದ ನೋಡಿದೆ. ನಿಜಕ್ಕೂ ಮೊಗ್ಗೇ. ನಾನು ನೋಡುತ್ತಿದ್ದ ಹಾಗೆಯೇ ಅದು ಸ್ವಲ್ಪ ಮಿಸುಕಿತು. "ನಮಸ್ಕಾರ ಮಾಡ್ತಿದಾಳೆ ನಿಂಗೆ" ಎಂದಳು ಕುಸುಮ. ಸರಿಯಾದ ಲಂಗ ಸಿದ್ಧವಾದ ದಿನ ಅವಳು ಸೀರೆ ಉಟ್ಟು, ಬಸ್ಸು ಹತ್ತಿ, ಬಿ.ಟಿ.ಎಂ.ನ ಆಫೀಸಿಗೆ ಹೋಗಿ, ಕೆಲಸ ಮತ್ತೆ ಕೇಳಿ ಬಂದಳು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕನ್ನೂ ನೋಡಲಿಲ್ಲವಂತೆ.

ಲಂಗದ ಫೋಟೋ ತೆಗೆಸಿ ಅವಳು ಗುಂಪಿನಲ್ಲಿ ಹಾಕಿದಳು. ಸೀರೆ ಉಡುವ ಊರುಗಳಿಂದ ಹೆಂಗಸರು ಕೇಳತೊಡಗಿದರು. ನಾನು ಕಾಗದದ ಮೇಲೆ ಕಟಿಂಗ್ ಬರೆದುಕೊಟ್ಟೆ. ಅದು ಎಲ್ಲೆಲ್ಲಿ ಹೋಯಿತೋ. ಮುನಿಯಪ್ಪನವರು, "ನಮ್ ಇನ್‌ಸ್ಪೆಕ್ಟ್ರಿಗೂ ಒಂದು ಯೂನಿಫಾರಂ ಹೊಲ್ದುಕೊಡಮ್ಮ" ಎಂದರು. ಖಾಕಿ ಬಟ್ಟೆಯಲ್ಲೇ ಹೊಲಿದುಕೊಟ್ಟೆ. ಗುಂಪಿನಲ್ಲಿ ನನಗೆ ಹೆಸರಿಲ್ಲ. ಕನ್ನಡ ಗೊತ್ತಿಲ್ಲದವರೂ ನನ್ನನ್ನು 'ಅಕ್ಕ' ಎಂದೇ ಬರೆಯುತ್ತಾರೆ.

ಮತ್ತೆ ವರಮಹಾಲಕ್ಷ್ಮಿ ಬಂತು. ಈ ಸಲ ಲಕ್ಷ್ಮಿಗೆ ಸೀರೆ ಉಡಿಸಿದ್ದು ಕುಸುಮ. ನಿರಿಗೆ ನನ್ನಷ್ಟು ಚೆನ್ನಾಗಿ ಬರಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಅಮ್ಮ ಬೆಳಿಗ್ಗೆಯೇ ಅವಳ ಕೈಗೆ ಉಪ್ಪು ಹಾಕಿದ ಮಜ್ಜಿಗೆಯ ಚೊಂಬು ಕೊಟ್ಟು, "ಕುಡಿದಾದ್ಮೇಲೆ ದೇವರ ಮುಂದೆ ಬಾ. ಇದೇ ನಿನ್ನ ವ್ರತ" ಎಂದಳು. ಸಂಜೆ ಅವಳು ಹಸಿರು ರೇಷ್ಮೆ ಉಟ್ಟು ನಡುಮನೆಯಲ್ಲಿ, ಎಲ್ಲರ ನಡುವೆ ಕೂತಿದ್ದಳು. ಮುನಿಯಪ್ಪನವರ ಸೊಸೆಯೂ ಬಂದಿದ್ದಳು. ಹಿಂದಿನ ಕೋಣೆಗೆ ಪರದೆ ಇರಲಿಲ್ಲ. ನಾನು ಮತ್ತೆ ಹಾಕಿಯೇ ಇಲ್ಲ.

ಹಾಡು ಮುಗಿದು ಎಲ್ಲ ಸುಮ್ಮನಾದ ಗಳಿಗೆಯಲ್ಲೇ ಕುಸುಮಳ ಹೊಟ್ಟೆ ಕುರ್ರ್ ಎಂದಿತು.

"ಕೆಂಪಿ. ಅವಳಿಗೂ ಹಾಡಬೇಕಂತೆ" ಎಂದಳು ಅವಳು.

"ನಮ್ಮೆಜಮಾನ್ರಿಗಿಂತ ವಾಸಿ ಬಿಡೆ, ಶ್ರುತಿಯಾದ್ರೂ ಇದೆ" ಎಂದರು ನಾಗರತ್ನಮ್ಮ. ನಡುಮನೆಯ ತುಂಬ ನಗು. ಅಮ್ಮನಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಆ ನಗುವಿನ ನಡುವೆ ಸ್ಟೂಲಿನ ಮೇಲಿನ ಫೋನ್ ಬಡಿದುಕೊಂಡಿತು. ಎತ್ತಿದೆ.

"ಕುಸುಮಾ ಅದಾರೇನ್ರಿ?" ಪಿಸುಮಾತಿನಂಥ ಹೆಣ್ಣು ದನಿ. "ನಾ ಬಿ.ಟಿ.ಎಂ.ದಾಗ ಇರ್ತೀನ್ರಿ, ನಮ್ಮೂರು ಗದಗ ಕಡೆ. ಗುಂಪಿನ್ಯಾಗ ನಂಬರ್ ಸಿಕ್ತು. ನಂದೂ ಹೋದ ತಿಂಗಳ ಆಪರೇಷನ್ ಆಗೇತಿ. ಮನ್ಯಾಗ ಹಬ್ಬ ಐತಿ. ಮುಂಜಾನಿಂದ ಒಳಗ ಕುಂತೀನ್ರಿ. ಏನೂ ತಿಂದಿಲ್ಲ. ಕಾಲು ಭಾಳ ಸೆಳ್ಯಾಕ ಹತ್ಯಾವು."

ಹೋದ ವರ್ಷದ ಹಾಗೆಯೇ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕುಸುಮ ಫೋನಿಗಾಗಿ ಕೈ ಚಾಚಿದಳು. ನಾನು ಕೊಡಲಿಲ್ಲ.

"ನೀರಿಗೆ ಉಪ್ಪು, ಸಕ್ಕರೆ ಹಾಕಿ ಈಗ್ಲೇ ಕುಡಿಯಮ್ಮ. ಗುಟುಕು ಗುಟುಕಾಗಿ" ಎಂದೆ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. "ನಿಮ್ಮ ಮನೇಲಿ ಯಾರಾದ್ರೂ ದೊಡ್ಡೋರ ಕೈಗೆ ಫೋನ್ ಕೊಡು. ನಾನು ಮಾತಾಡ್ತೀನಿ. ವಿಳಾಸಾನೂ ಹೇಳು. ಆಟೋದಲ್ಲಿ ಹೊರಟೆವು."

ಮುನಿಯಪ್ಪನವರ ಸೊಸೆ ಆಗಲೇ ಅಡಿಗೆಮನೆಯಲ್ಲಿ ಫ್ಲಾಸ್ಕ್ ಹುಡುಕುತ್ತಿದ್ದಳು. ನಾಗರತ್ನಮ್ಮ ಆಟೋ ಕೂಗಲು ಬಾಗಿಲಿಗೆ ಓಡಿದರು. ಕುಸುಮ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನ ಮಿಕ್ಕಿದ ಚೀಲಗಳ ಪೊಟ್ಟಣ ಕೈಗೆತ್ತಿಕೊಂಡು ನಿಂತಿದ್ದಳು.

"ನೀವು ಯಾರ್ರೀ ಅಕ್ಕಾರ?" ಎಂದು ಆ ಹುಡುಗಿ ಕೇಳಿದಳು. "ಕುಸುಮಾ ಎಲ್ಲಿ ಹೋಗ್ಯಾರ?"

"ಎಲ್ಲಿಗೂ ಹೋಗಿಲ್ಲ. ಇಲ್ಲೇ, ನನ್ನ ಪಕ್ಕದಲ್ಲೇ ನಿಂತಿದಾಳೆ" ಎಂದೆ. "ನಾನು ಅವಳ ಅಕ್ಕ."